ಬಾಗಿಲ ಕಡೆಯ ಕಲ್ಲು

ಸರ್ ತೀರಿಕೊಂಡ ಮೂರನೆಯ ದಿನ ನಾನು ಹಾರೂಗೇರಿಯಿಂದ ಚಿಕ್ಕೋಡಿಗೆ ಬಂದು ಮಾಡಿದ ಮೊದಲ ಕೆಲಸ ಜಗಳ.

ಕಾಲೇಜಿನ ಗೇಟು ದಾಟಿದ ಕೂಡಲೇ ನೋಟೀಸಿನ ಕರಿಹಲಗೆ ಇದೆ. ಅದರ ಮೇಲೆ ಶ್ರದ್ಧಾಂಜಲಿ ಸಭೆಯ ವೇಳೆ ಬರೆದಿದ್ದರು. ಕೆಳಗೆ ಸರ್ ಹೆಸರು. ಹೆಸರಿನ ಮುಂದೆ ದಪ್ಪಗೆ 'ಡಾ.' ಎಂದಿತ್ತು. ನಾನು ಚಪ್ಪಲಿ ಕೂಡ ಕಳಚದೆ ಆಫೀಸಿಗೆ ಹೋಗಿ ಹೆಡ್ ಕ್ಲಾರ್ಕರಿಗೆ ಅದನ್ನು ಅಳಿಸಬೇಕು ಎಂದೆ.

"ಯಾಕ್ರಿ ಬಾಯಾರ?"

"ಅವರು ಡಾಕ್ಟರ್ ಅಲ್ರಿ."

"ವರ್ಷಗಟ್ಟಲೆ ಇಲಿ ಈಸಿಸಿಕೋತ ಕುಂತ ಮನಷ್ಯಾ. ಅವರಿಗೊಂದು ಡಾಕ್ಟರ್ ಸಲ್ಲಂಗಿಲ್ಲೇನು? ಸತ್ತವರ ಹೆಸರಿಗೆ ಒಂದಕ್ಷರ ಹೆಚ್ಚಾದ್ರ ನಿಮ್ಮದೇನು ಹೋಗತೈತಿ?"

"ನಂದೇನೂ ಹೋಗಾಂಗಿಲ್ರಿ. ಅವರದ ಹೋಗತೈತಿ."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಸುತ್ತ ಇದ್ದವರಿಗೆಲ್ಲ ಕೇಳುವ ಹಾಗೆ, "ನೀವು ಇದ ಕಾಲೇಜಿನ್ಯಾಗ ಕಸಾ ಹೊಡದಾಕಿ. ಅವರ ಕಡೆ ಕಲ್ತು ಮಾಸ್ತರಿಕಿ ಹಿಡದ್ರಿ. ಈಗ ಅವರ ಹೆಸರು ಅಳಸಾಕ ಅರಿವಿ ಹಿಡಕೊಂಡು ಬಂದೀರಿ. ಚಲೋ ಐತಿ ಬಿಡ್ರಿ ನಿಮ್ಮ ಗುರುಭಕ್ತಿ" ಎಂದರು.

ಕಸ ಹೊಡೆದದ್ದು ನಿಜ. ಅದನ್ನು ನಾನು ಎಲ್ಲಿಯೂ ಮುಚ್ಚಿಟ್ಟಿಲ್ಲ. ನಿಪ್ಪಾಣಿಯಲ್ಲಿ ತಂಬಾಕು ಕೂಡಿಡುವ ವಖಾರಿಯಲ್ಲಿ ಎಲೆ ಬಡಿಯುವ ಹೆಂಗಸಿನ ಮಗಳು ನಾನು. ನಮ್ಮ ಮನೆತನದಲ್ಲಿ ಪದವಿಯ ಕಾಗದ ಕೈಯಲ್ಲಿ ಹಿಡಿದವಳು ನಾನೇ ಮೊದಲು. ಹೆಸರಿನ ಜೊತೆ ಬರುವ ಒಂದೊಂದು ಅಕ್ಷರಕ್ಕೂ ಏನು ತೆರಬೇಕಾಗುತ್ತದೆ ಎಂದು ನನಗೆ ಗೊತ್ತು. ಗೊತ್ತಿರುವುದರಿಂದಲೇ ಅಳಿಸಿ ಎಂದೆ. ಆ ಗದ್ದಲದಲ್ಲಿ ಅದನ್ನು ವಿವರಿಸಿ ಹೇಳಲು ಆಗಲಿಲ್ಲ. ಇಲ್ಲಿ ಬರೆಯುತ್ತೇನೆ.

ಎಂಬತ್ತರ ದಶಕದ ಕೊನೆಯ ವರ್ಷಗಳು. ಪಿಯುಸಿಯಲ್ಲಿ ನಪಾಸಾಗಿ ಮನೆಯಲ್ಲಿ ಕುಳಿತಿದ್ದೆ. ಚಿಕ್ಕೋಡಿಯ ಆ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗಕ್ಕೆ ಒಬ್ಬ ಅಟೆಂಡರ್ ಬೇಕಾಗಿದೆ ಎಂದು ತಿಳಿದು ಅರ್ಜಿ ಹಾಕಿದೆ. ಸಂದರ್ಶನಕ್ಕೆ ಕುಳಿತವರಲ್ಲಿ ಉದ್ದ ಕತ್ತಿನ, ಬಾಚದ ತಲೆಯ ಒಬ್ಬರಿದ್ದರು. ಕೊರಳಲ್ಲಿ ಬೂಟಿನ ಲಾಡಿಗೆ ಕಟ್ಟಿದ ಸ್ಟಾಪ್‌ವಾಚು ತೂಗುತ್ತಿತ್ತು. ಉಳಿದವರು ನನ್ನ ಅಂಕಪಟ್ಟಿ ನೋಡಿ ಮೂಗು ಮುರಿಯುವಾಗ ಅವರು ಅರ್ಜಿಯಲ್ಲಿ ಅವ್ವನ ಕೆಲಸ ಓದಿ ಕೇಳಿದ್ದು ಒಂದೇ ಪ್ರಶ್ನೆ.

"ನಿಮ್ಮವ್ವ ವಖಾರಿಗೆ ಹೋದ ಮೊದಲನೇ ದಿನ ಏನಾತಂತ?"

"ತಲಿ ಗಿಮ್ಮ್ ಅಂತಂತ್ರಿ. ವಾಂತಿ ಬಂತಂತ. ಎಂಟು ದಿನಕ್ಕ ಏನೂ ಆಗದಂಗಾತಂತ. ಈಗ ಸೂಟಿ ದಿನ ತಂಬಾಕಿನ ವಾಸನಿ ಇರಲಿಲ್ಲಂದ್ರ ಅಕಿಗೆ ಕೆಲಸ ಮರೀತೈತ್ರಿ."

"ಇವಳನ್ನ ತಗೊಳ್ಳೂಣ" ಎಂದು ಅವರು ಎದ್ದು ಹೋಗಿಬಿಟ್ಟರು. ಅವರೇ ನಮ್ಮ ಸರ್.

ಸರ್ ರಾಯಬಾಗ ತಾಲೂಕಿನ ಕಬ್ಬಿನ ಹೊಲದ ಮನೆಯವರು. ಅಣ್ಣತಮ್ಮಂದಿರೆಲ್ಲ ಹೊಲದಲ್ಲಿ, ಇವರೊಬ್ಬರು ಇಲಿಗಳಲ್ಲಿ. ಪಾಠ ಮಾಡಿ ಉಳಿದ ಹೊತ್ತಿನಲ್ಲಿ ಪಿಎಚ್.ಡಿ.ಗೆ ಸಂಶೋಧನೆ ನಡೆಸುತ್ತಿದ್ದರು. ಏಳು ವರ್ಷವಾದರೂ ಮುಗಿದಿರಲಿಲ್ಲ. ಸ್ಟಾಫ್ ರೂಮಿನಲ್ಲಿ ಅವರನ್ನು ಕಾಡಲೆಂದೇ ಯಾರಾದರೂ "ಏನ್ರಿ ಡಾಕ್ಟರ್ ಸಾಹೇಬ್ರ" ಎಂದರೆ, "ದವಾಖಾನಿ ಆ ಕಡೆ ಐತಿ" ಎಂದು ಕಿಟಕಿಯ ಹೊರಗೆ ಬೆರಳು ಮಾಡುತ್ತಿದ್ದರು. ನಗುತ್ತಿರಲಿಲ್ಲ.

ನಗು ಅವರಿಗೆ ಕಡಿಮೆ. ಸಿಟ್ಟು ಬೇಗ. ಒಬ್ಬ ಹುಡುಗ ಹಿಂದಿನ ವರ್ಷದ ರೆಕಾರ್ಡ್ ನೋಡಿ ಕಪ್ಪೆಯ ಎದೆಬಡಿತದ ಲೆಕ್ಕ ಇದ್ದದ್ದು ಇದ್ದ ಹಾಗೆ ಇಳಿಸಿಕೊಂಡು ಬಂದಿದ್ದ. ಸರ್ ಆ ಪುಸ್ತಕವನ್ನು ಮೇಲಿನ ಮಹಡಿಯ ಕಿಟಕಿಯಿಂದ ಎಸೆದರು. ಆಮೇಲೆ ತಾವೇ ಮೆಟ್ಟಿಲಿಳಿದು ಹೋಗಿ, ಎತ್ತಿ, ಮಣ್ಣು ಜಾಡಿಸಿ ತಂದು ಅವನ ಕೈಗೆ ಕೊಟ್ಟರು. "ಕಪ್ಪಿ ಸುಳ್ಳ ಹೇಳಾಂಗಿಲ್ಲ, ಇಲಿ ಸುಳ್ಳ ಹೇಳಾಂಗಿಲ್ಲ. ಈ ಖೋಲಿಯಾಗ ಹೇಳಾವರು ನೀ ಒಬ್ಬ, ನಾ ಒಬ್ಬ. ನಾ ಬಿಟ್ಟೀನಿ. ನೀನೂ ಬಿಡು."

ಇಲಿಗಳ ಜೊತೆ ಮಾತ್ರ ಅವರದು ಬಹುವಚನ. ಬಿಳಿ ಇಲಿಯನ್ನು ಎರಡೂ ಅಂಗೈಯಲ್ಲಿ ಹಿಡಿದು ನೀರಿಗೆ ಬಿಡುವಾಗ, "ಈಸ್ರಿ, ಗಾಬರಿ ಆಗಬ್ಯಾಡ್ರಿ. ಕಲ್ಲು ಎಲ್ಲೂ ಹೋಗಿಲ್ಲ, ಅಲ್ಲೇ ಐತಿ" ಎನ್ನುತ್ತಿದ್ದರು. ಅಂಥ ಮರ್ಯಾದೆ ನಮ್ಮ ಪ್ರಿನ್ಸಿಪಾಲರಿಗೆ ಒಂದು ದಿನವೂ ಸಿಗಲಿಲ್ಲ.

ನೀರೆಂದರೆ, ಕೊಪ್ಪರಿಗೆಯ ನೀರು. ಪ್ರಯೋಗಕ್ಕೆ ದುಂಡನೆಯ ದೊಡ್ಡ ತೊಟ್ಟಿ ಬೇಕಿತ್ತು. ಕಾಲೇಜು ಕೊಡಲಿಲ್ಲ. ಸರ್ ಕರೋಶಿಯ ಒಬ್ಬ ರೈತರ ಗಾಣದಮನೆಯಿಂದ, ಬೆಲ್ಲ ಕುದಿಸಿ ಕುದಿಸಿ ತಳ ಸವೆದ ಹಳೆಯ ಕೊಪ್ಪರಿಗೆಯೊಂದನ್ನು ಬೇಡಿ ತಂದರು. ಆಳು ಕೈಕಾಲು ಚಾಚಿ ಮಲಗುವಷ್ಟು ಅಗಲ. ಎತ್ತಲು ನಾಲ್ಕು ಕಡೆ ನಾಲ್ಕು ಕಬ್ಬಿಣದ ಬಳೆ. ಅದರಲ್ಲಿ ನೀರು ತುಂಬಿ ಎರಡು ತಂಬಿಗೆ ಹಾಲು ಸುರಿದರೆ ನೀರು ಬೆಳ್ಳಗಾಗಿ ತಳ ಕಾಣುತ್ತಿರಲಿಲ್ಲ. ನೀರಿನ ಮಟ್ಟಕ್ಕಿಂತ ಒಂದು ಬೆರಳು ಕೆಳಗೆ, ಸುಣ್ಣ ಬಳಿದ ಒಂದು ಕಲ್ಲು. ಇಲಿಗೆ ಈಸು ಬರುತ್ತದೆ, ಆದರೆ ಈಸಲು ಮನಸ್ಸಿಲ್ಲ. ತಡಕಾಡಿ ತಡಕಾಡಿ ಕಲ್ಲು ಸಿಕ್ಕರೆ ಹತ್ತಿ ನಿಂತು ಮೀಸೆ ಒರೆಸಿಕೊಳ್ಳುತ್ತದೆ. ಹತ್ತು ದಿನ ಹೀಗೆ ಬಿಟ್ಟರೆ ಕಲ್ಲಿರುವ ಜಾಗ ಕಲಿತುಬಿಡುತ್ತದೆ. ಕಾಣದ ಕಲ್ಲನ್ನು ಹೇಗೆ ಕಲಿಯುತ್ತದೆ ಎಂದರೆ, ಕೋಣೆ ನೋಡಿ. ಬಾಗಿಲು ಈ ಕಡೆ, ಕಿಟಕಿ ಆ ಕಡೆ, ಕಪಾಟು ಅಲ್ಲಿ, ಹಾಗಾದರೆ ಕಲ್ಲು ಇಲ್ಲಿ.

ಕಲ್ಲು ದಿನಾಲೂ ಒಂದೇ ಕಡೆ ಕೂರಬೇಕೆಂದು ಸರ್ ಒಂದು ಬಳೆಗೆ ಕೆಂಪು ಬಣ್ಣ ಹಚ್ಚಿದ್ದರು. ಆ ಕೆಂಪು ಬಳೆಯಿಂದ ಒಳಕ್ಕೆ ಎರಡು ಗೇಣು ಅಳೆದು ಕಲ್ಲಿಡುವುದು. ನಾಲ್ಕರಲ್ಲಿ ಅದೊಂದೇ ತುದಿ ಬಿಟ್ಟು ಹೊರಚಾಚಿದ ಬಳೆ; ಇದ್ದದ್ದು ಬಾಗಿಲ ಕಡೆ. ಬಕೆಟ್ಟು ಹಿಡಿದು ಒಳಗೆ ಬರುವಾಗ ನನ್ನ ಸೀರೆಯ ಸೆರಗು ಅದಕ್ಕೆ ಸಿಕ್ಕಿ, ವರ್ಷದಲ್ಲಿ ಎರಡು ಸೀರೆ ಹರಿದಿದ್ದವು. ನೆನಪಿಡಿ, ಈ ಮಾತು ಮುಂದೆ ಬೇಕಾಗುತ್ತದೆ.

ಮಧ್ಯಾಹ್ನ ಸರ್ ನಿಂತುಕೊಂಡೇ ರೊಟ್ಟಿ ಶೇಂಗಾಹಿಂಡಿ ತಿನ್ನುತ್ತ ನನಗೆ ಪಿಯುಸಿ ಪಾಠ ಹೇಳುತ್ತಿದ್ದರು. ಒಂದು ದಿನ ನಾನು, ಇದೆಲ್ಲ ಯಾತಕ್ಕೆ ಎಂದು ಕೇಳಿದೆ. ಚಾಕ್‌ಪೀಸು ತೆಗೆದುಕೊಂಡು ಮೇಜಿನ ಮೇಲೆಯೇ ಗೀಚಿದರು.

"ಮಿದುಳಿನ್ಯಾಗ ಒಂದು ಜೀವಕೋಶದಿಂದ ಇನ್ನೊಂದಕ್ಕ ಸುದ್ದಿ ಹೋಗಬೇಕು. ಸುದ್ದಿ ಒಳಗ ಬಿಟಗೊಳ್ಳಾಕ ಅಲ್ಲಿ ಸಣ್ಣ ಸಣ್ಣ ಬಾಗಲಾ ಅದಾವ. ಗ್ರಾಹಕ ಅಂತಾರ ಅವಕ್ಕ. ಆ ಬಾಗಲಾ ತೆಗಿಯೂ ಕೀಲಿಕೈ ಮಿದುಳು ತಾನ ಮಾಡಕೋತೈತಿ. ನಿಮ್ಮವ್ವನ ತಂಬಾಕಿನ್ಯಾಗ ಇರೂದು ಅದ ಬಾಗಲದ್ದು ಕಳ್ಳ ಕೀಲಿಕೈ. ಅದಕ್ಕ ತಲಿ ಗಿಮ್ಮ್ ಅಂತು."

"ನಿಮ್ಮ ಸೂಜಿ ಔಷಧಾ ಏನ್ಮಾಡತೈತ್ರಿ?"

"ಅದು ಬಾಗಲಕ್ಕ ಅಡ್ಡ ನಿಂದರತೈತಿ. ಇಲಿ ಇವತ್ತ ಕಲ್ತ ಕೂಡ್ಲೆ ಸೂಜಿ ಚುಚ್ಚಿ ಬಾಗಲಾ ಬಂದ್ ಮಾಡಿದ್ರ, ಕಲ್ತದ್ದು ಎಂಟು ದಿನಕ್ಕ ಉಳೀತೈತೋ ಇಲ್ಲೋ? ಇಷ್ಟ ನನ್ನ ಪ್ರಶ್ನೆ. ಇದಕ್ಕ ಏಳು ವರ್ಷ ಆತು."

ಔಷಧದ ಸೀಸೆ ಬೆರಳುದ್ದದ್ದು. ಅದನ್ನು ಸರ್ ಸಂಶೋಧನೆ ನೋಡಿಕೊಳ್ಳುತ್ತಿದ್ದ ಬೆಳಗಾವಿಯ ಗೈಡ್ ಎಲ್ಲಿಂದಲೋ ತರಿಸಿಕೊಟ್ಟಿದ್ದರು. ಕಾಲೇಜಿನಲ್ಲಿ ಫ್ರಿಜ್ ಇಲ್ಲದ್ದರಿಂದ ಅದು ಊರಿನ ದನದ ದವಾಖಾನೆಯ ಫ್ರಿಜ್ಜಿನಲ್ಲಿ, ಎಮ್ಮೆಗಳ ಲಸಿಕೆಯ ಪಕ್ಕದಲ್ಲಿ ಇರುತ್ತಿತ್ತು. ದಿನಾ ನಾನೇ ಹೋಗಿ ಬೇಕಾದಷ್ಟು ತರುತ್ತಿದ್ದೆ. ಪಂಜರ ಇದ್ದದ್ದೂ ಆರೇ. ಹಾಗಾಗಿ ಎರಡು ಗುಂಪನ್ನು ಒಟ್ಟಿಗೆ ಸಾಕಲು ಆಗುತ್ತಿರಲಿಲ್ಲ. ಮೊದಲನೆಯ ಆರು ಇಲಿಗೆ ಬರೀ ಉಪ್ಪುನೀರಿನ ಸೂಜಿ ಹಾಕಿ, ಕಲಿಸಿ, ಎಂಟು ದಿನ ಬಿಟ್ಟು ಪರೀಕ್ಷೆ ಮಾಡಿದ್ದಾಗಿತ್ತು. ಅವು ನೆಟ್ಟಗೆ ಕಲ್ಲಿಗೆ ಹೋಗಿದ್ದವು. ಎರಡನೆಯ ಆರಕ್ಕೆ ಔಷಧದ ಸೂಜಿ. ಅವುಗಳ ಕಲಿಕೆ ಮುಗಿಯುವ ಹೊತ್ತಿಗೆ ನವರಾತ್ರಿ ಬಂತು. ಗೈಡ್ ಪತ್ರವೂ ಬಂತು: ಈ ತಿಂಗಳ ಕೊನೆಯೊಳಗೆ ಕಡೆಯ ಅಧ್ಯಾಯ ಬರದಿದ್ದರೆ ನೋಂದಣಿ ರದ್ದು, ಮತ್ತೆ ವಿಸ್ತರಣೆ ಇಲ್ಲ. ಸರ್ ಪತ್ರ ಮಡಿಚಿ ಕಿಸೆಯಲ್ಲಿಟ್ಟುಕೊಂಡು, ಇಲಿಗಳಿಗೆ ಕಾಳು ನೀರು ಹಾಕುವುದನ್ನು ನನಗೆ ಹತ್ತು ಸಲ ಹೇಳಿ, ಹಬ್ಬಕ್ಕೆ ಊರಿಗೆ ಹೋದರು.

ಖಂಡೇನವಮಿಯ ದಿನ ನಮ್ಮ ಕಡೆ ಯಾವ ಸಾಮಾನೂ ಕೊಳೆಯಾಗಿ ಇರುವ ಹಾಗಿಲ್ಲ. ನೇಗಿಲು, ತಕ್ಕಡಿ, ಹೊಲಿಗೆ ಮಶಿನ್ನು, ಎಲ್ಲಕ್ಕೂ ಪೂಜೆ. ಲ್ಯಾಬಿನ ಸೂಕ್ಷ್ಮದರ್ಶಕಗಳಿಗೆ ಕುಂಕುಮ ಹಚ್ಚಿದೆ. ಕೊಪ್ಪರಿಗೆಯ ಕಡೆ ನೋಡಿದರೆ, ಒಳಗೆ ಹಾಲಿನ ಜಿಡ್ಡು, ಕೆಳಗೆ ಜೇಡರ ಬಲೆ. ನಮ್ಮ ಸರ್‌ಗೆ ಅನ್ನ ಕೊಡುವ ಕೊಪ್ಪರಿಗೆ ಹೀಗಿರಬೇಕೆ ಎನಿಸಿತು. ವಾಚಮನ್ ಮಾಮಾನನ್ನೂ ಹಾಸ್ಟೆಲಿನ ಇಬ್ಬರನ್ನೂ ಕರೆದೆ. ನಾಲ್ವರೂ ಬಳೆ ಹಿಡಿದು ಬಾವಿಕಟ್ಟೆಗೆ ಎತ್ತಿಕೊಂಡು ಹೋಗಿ, ಬೋರಲು ಹಾಕಿ, ಬೂದಿ ಹುಣಸೆಹಣ್ಣಿನಿಂದ ತಿಕ್ಕಿ ತೊಳೆದು, ವಿಭೂತಿ ಎಳೆದು, ಕಾಯಿ ಒಡೆದು, ಮತ್ತೆ ತಂದು ಇಟ್ಟಿಗೆಯ ಮೇಲೆ ಕೂರಿಸಿದೆವು.

"ಏ ತಂಗಿ, ಇಲಿ ಕೊಪ್ಪರಿಗಿಗೆ ಕಾಯಿ ಒಡದಾಕಿ ನಿನ್ನ ಬಿಟ್ರ ಈ ಜಗತ್ತಿನ್ಯಾಗ ಯಾರೂ ಇರ್ಲಿಕ್ಕಿಲ್ಲ ನೋಡು" ಎಂದು ಮಾಮಾ ನಕ್ಕ. ನಾನೂ ನಕ್ಕೆ.

ದಸರೆ ಮುಗಿಸಿ ಸರ್ ಬಂದರು. ಬನ್ನಿ ಕೊಟ್ಟು, "ಬಂಗಾರದಂಗ ಇರೂಣ" ಎಂದರು. ಹೊಳೆಯುವ ಕೊಪ್ಪರಿಗೆ ನೋಡಿ ತಲೆಯಾಡಿಸಿದರು. ಸೋಮವಾರ ಪರೀಕ್ಷೆ. ಅಂದು ನೀರು ತುಂಬಿದವನು ವಾಚಮನ್ ಮಾಮಾ. ಕೆಂಪು ಬಳೆಯಿಂದ ಎರಡು ಗೇಣು ಅಳೆದು ಕಲ್ಲಿಟ್ಟರು. ಇಲಿಗೆ ಸಿಗುವುದು ಒಂದೇ ನಿಮಿಷ. ಅಷ್ಟರೊಳಗೆ ಕಲ್ಲು ಸಿಗದಿದ್ದರೆ ಎತ್ತಿಬಿಡುವುದು.

ಇಲಿ ಈಸಿದ ದಾರಿಯನ್ನು ಕಾಗದದ ಮೇಲೆ ಪೆನ್ಸಿಲಿನಿಂದ ಗೀಚುವುದು ನನ್ನ ಕೆಲಸ. ಕಾಗದದಲ್ಲಿ ಒಂದು ದುಂಡು, ಮೇಲೆ 'ಕಿಟಕಿ', ಕೆಳಗೆ 'ಬಾಗಿಲು' ಎಂದು ಬರೆದಿರುತ್ತಿತ್ತು. ಆರೂ ಇಲಿಗಳು ಸುತ್ತಿದವು, ಸುತ್ತಿದವು, ಕಲ್ಲು ಸಿಗಲಿಲ್ಲ. ಆರಕ್ಕೆ ಆರೂ ಮರೆತಿದ್ದವು. ಸರ್ ಆರನೆಯದನ್ನು ಎತ್ತಿ ಅರಿವೆಯಲ್ಲಿ ಒರೆಸಿ ಪಂಜರಕ್ಕೆ ಬಿಟ್ಟರು. ಸ್ವಲ್ಪ ಹೊತ್ತು ಗೋಡೆಗೆ ಹಣೆಯಿಟ್ಟು ನಿಂತರು. ತಿರುಗಿದಾಗ ಆ ಮುಖದ ಮೇಲೆ ನಾನು ನೋಡಿರದ ನಗು ಇತ್ತು.

"ಮುಗೀತು ತಂಗಿ. ನೆನಪಿನ ಬಾಗಲಾ ಅದ ಐತಿ."

ಬುಧವಾರ ಕೊಪ್ಪರಿಗೆ ತೊಳೆಯಲು ಬಕೆಟ್ಟು ಹಿಡಿದು ಒಳಗೆ ಬಂದೆ. ಎರಡು ಸಲ ಬಂದೆ, ಮೂರು ಸಲ ಬಂದೆ. ಏನೋ ಆಗಬೇಕಾದದ್ದು ಆಗುತ್ತಿಲ್ಲ ಎನಿಸಿತು. ನಾಲ್ಕನೆಯ ಸಲ ಹೊಸ್ತಿಲಲ್ಲೇ ನಿಂತೆ. ಸೆರಗು ಸಿಗುತ್ತಿರಲಿಲ್ಲ. ಬಾಗಿಲ ಕಡೆಯ ಬಳೆ ಕರ್ರಗಿತ್ತು. ಕೆಂಪು ಬಳೆ ಕಿಟಕಿಯ ಕಡೆ ಇತ್ತು.

ಬಕೆಟ್ಟು ಕೆಳಗಿಟ್ಟು ಆರು ಕಾಗದ ತೆಗೆದು ನೋಡಿದೆ. ನಾನೇ ಗೀಚಿದ್ದು. ಇಲಿಗಳು ಕಂಡಕಂಡಲ್ಲಿ ಸುತ್ತಿರಲಿಲ್ಲ. ಆರರ ಗೆರೆಗಳೂ ನೆಟ್ಟಗೆ ಬಾಗಿಲ ಕಡೆ ಬಂದು, ಬರೀ ನೀರಿದ್ದ ಒಂದೇ ಜಾಗದಲ್ಲಿ ಗಿರಕಿ ಹೊಡೆದಿದ್ದವು. ಪೆನ್ಸಿಲು ಅಲ್ಲಿ ಕಾಗದ ಹರಿಯುವಷ್ಟು ಕಪ್ಪಾಗಿತ್ತು. ಅವು ಏನನ್ನೂ ಮರೆತಿರಲಿಲ್ಲ. ಕಲ್ಲು ಇದ್ದ ಜಾಗಕ್ಕೇ ಬಂದಿದ್ದವು. ನವಮಿಯ ದಿನ ನಾವು ಕೊಪ್ಪರಿಗೆ ತಿರುಗಿಸಿ ಇಟ್ಟಿದ್ದೆವು. ಕೆಂಪು ಬಳೆಯನ್ನು ನಂಬಿ ಸರ್ ಕಲ್ಲನ್ನು ಕಿಟಕಿಯ ಕಡೆ ಇಟ್ಟಿದ್ದರು.

ಕೂಡಲೇ ಹೋಗಿ ಹೇಳಿದೆ ಎಂದು ಬರೆದರೆ ಚೆನ್ನಾಗಿರುತ್ತದೆ. ಹೇಳಲಿಲ್ಲ. ನನ್ನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಕಾಯಂ ಮಾಡಿ ಎಂಬ ಪತ್ರಕ್ಕೆ ಸರ್ ಸಹಿ ಮಾಡಬೇಕಿತ್ತು. ಅವ್ವನಿಗೆ ತಂಬಾಕಿನ ಧೂಳಿಗೆ ಕೆಮ್ಮು ಹತ್ತಿ ವಖಾರಿ ಬಿಡಿಸಿದ್ದೆ. ಅದಕ್ಕಿಂತ ಹೆಚ್ಚಾಗಿ, ಸರ್ ನಗುತ್ತಿದ್ದರು. ಕಾರಿಡಾರಿನಲ್ಲಿ ಹುಡುಗರ ಬೆನ್ನು ತಟ್ಟುತ್ತಿದ್ದರು. ಕೋರ್ಟಿನ ಮುಂದಿನ ಟೈಪಿಸ್ಟನ ಹತ್ತಿರ ಅಧ್ಯಾಯ ಟೈಪಾಗುತ್ತಿತ್ತು. ಗುರುವಾರ ಹೇಳೋಣ ಎಂದುಕೊಂಡೆ. ಗುರುವಾರ ಅವರು ಗೈಡ್‌ಗೆ ಟ್ರಂಕ್ ಕಾಲ್ ಮಾಡಿ ಬಂದಿದ್ದರು. ಶುಕ್ರವಾರ ಮನೆಯಿಂದ ಹೋಳಿಗೆ ತಂದು ನನ್ನ ಡಬ್ಬಿಗೂ ಹಾಕಿದರು. ಅದನ್ನು ವಾಚಮನ್ ಮಾಮಾನಿಗೆ ಕೊಟ್ಟುಬಿಟ್ಟೆ. ಶನಿವಾರ ಸಿಕ್ಕಾಗ, ಸೋಮವಾರ ಮುಂಜಾನೆಯ ಬಸ್ಸಿಗೆ ಅಧ್ಯಾಯ ಹಿಡಿದು ಗೈಡ್ ಹತ್ತಿರ ಹೋಗುತ್ತೇನೆ ಎಂದರು. ಭಾನುವಾರ ಇಲಿಗಳಿಗೆ ಕಾಳು ಹಾಕಲು ಹೋದಾಗ ಅವು ಪಂಜರದ ಸರಳಿಗೆ ಮೂಗು ಹಚ್ಚಿ ನನ್ನನ್ನೇ ನೋಡಿದವು. ನೋಡಿದ್ದು ಕಾಳಿಗಾಗಿ ಎಂದು ನನಗೂ ಗೊತ್ತು.

ಸೋಮವಾರ ನಾನು ಬಸ್ ನಿಲ್ದಾಣ ಮುಟ್ಟುವ ಹೊತ್ತಿಗೆ ಬೆಳಗಾವಿ ಬಸ್ಸು ಗುರುಗುಡುತ್ತ ನಿಂತಿತ್ತು. ಸರ್ ಕಿಟಕಿಯ ಪಕ್ಕ, ತೊಡೆಯ ಮೇಲೆ ಚೀಲ.

"ಸರ್, ಕೆಳಗ ಇಳೀರಿ."

"ಯಾಕ? ಇಲಿ ಸತ್ತೂ ಏನು?"

"ಇಲ್ರಿ. ಅವು ಮರತಿಲ್ರಿ."

"ಏನು ಮರತಿಲ್ಲ?"

"ಕೊಪ್ಪರಿಗಿ ತಿರಗೈತ್ರಿ ಸರ್. ನವಮಿ ದಿನ ನಾ ಎತ್ತಿಸಿ ತೊಳಿಸೀನ್ರಿ. ಕೆಂಪ ಬಳಿ ಬಾಗಲಾ ಬಿಟ್ಟು ಕಿಡಕಿ ಕಡೆ ಹೋಗೈತ್ರಿ. ಕಲ್ಲು ತಪ್ಪ ಜಾಗಾದಾಗ ಇಟ್ಟೀರಿ. ಅವು ಸರಿ ಜಾಗಾದಾಗ ಹುಡಿಕ್ಯಾವ್ರಿ."

ಅವರ ಮುಖ ಬೂದಿಯಾಯಿತು. ಕಂಡಕ್ಟರ್ ಬಾಗಿಲಲ್ಲಿ ನಿಂತು, "ಏನ್ ಸರ್, ಹೋಗೂದೋ ಇಳಿಯೂದೋ? ಬಾಯಾರ, ಮನಿ ಮಾತು ಮನಿಯಾಗ ಮುಗಿಸಿಕೊಂಡು ಬರಬೇಕ್ರಿ. ಎಪ್ಪತ್ತು ಮಂದಿ ಕುಂತಾರ" ಎಂದ. ಯಾರೋ ನಕ್ಕರು. ಸರ್ ಚೀಲ ಎದೆಗವಚಿಕೊಂಡು ಇಳಿದರು. ಬಸ್ಸು ಹೋಯಿತು.

ಕಾಲೇಜಿಗೆ ನಡೆದು ಬಂದೆವು. ಲ್ಯಾಬಿನಲ್ಲಿ ಕೆಂಪು ಬಳೆ ನೋಡಿದರು, ಬಾಗಿಲು ನೋಡಿದರು. "ಮೊದಲ ಬಾಗಲಾ ಕಡೆ ಇತ್ತು ಅನ್ನಾಕ ಏನು ಸಾಕ್ಷಿ?" ನಾನು ಹರಿದ ಸೆರಗು ತೋರಿಸಿದೆ. ಹರಿದ ಅಂಚಿಗೆ ಇನ್ನೂ ಕೆಂಪು ಬಣ್ಣ ಮೆತ್ತಿತ್ತು.

"ಸೀರಿ ಸಾಕ್ಷಿ ಥೀಸಿಸ್‌ನ್ಯಾಗ ಬರಿಯಾಕ ಬರಾಂಗಿಲ್ಲ" ಎಂದು ತೋಳು ಮಡಚಿದರು. "ಅವರನ್ನ ಕೇಳೂಣ. ನೀರ ತುಂಬು."

ತುಂಬಿದೆ. ಕ್ಯಾಂಟೀನಿನಿಂದ ಹಾಲು ತಂದು ಸುರಿದೆ. ಅವರು ಈ ಸಲ ಬಳೆಯನ್ನು ನೋಡದೆ, ಕಾಗದಗಳಲ್ಲಿ ಪೆನ್ಸಿಲು ಕಪ್ಪಾಗಿದ್ದ ಜಾಗವನ್ನು ಅಳೆದು ಕಲ್ಲನ್ನು ಬಾಗಿಲ ಕಡೆ ಇಟ್ಟರು. ಆಮೇಲೆ ಕೊರಳಿನ ಸ್ಟಾಪ್‌ವಾಚು ತೆಗೆದು ನನ್ನ ಕೈಗೆ ಹಾಕಿದರು. ಅದು ಅವರ ಕೊರಳು ಬಿಟ್ಟದ್ದನ್ನು ನಾನು ಅಂದೇ ಮೊದಲು ನೋಡಿದ್ದು.

"ನೀ ಹಿಡಿ. ಇವತ್ತ ನನ್ನ ಬೆರಳಿನ ಮ್ಯಾಲೆ ನನಗ ನಂಬಿಗಿ ಇಲ್ಲ."

ಇಲಿ ಕಲ್ಲು ಹತ್ತಿದರೆ ಏಳು ವರ್ಷ ಹೋದಂತೆ. ಹತ್ತದಿದ್ದರೆ ಇನ್ನೂ ಒಂದು ದಾರಿ ಉಂಟು: ಹದಿನೈದು ದಿನವಾಯಿತು, ನಿಜವಾಗಿಯೂ ಮರೆತಿವೆ, ಔಷಧ ಕೆಲಸ ಮಾಡಿದೆ ಎನ್ನಬಹುದು. ನಮ್ಮಿಬ್ಬರಿಗೂ ಇದು ಗೊತ್ತಿತ್ತು. ಮರತಬಿಡು, ಮರತಬಿಡು ಎಂದು ನಾನು ಮನಸ್ಸಿನಲ್ಲೇ ಇಲಿಯನ್ನು ಬೇಡಿಕೊಳ್ಳುತ್ತಿದ್ದೆ. ಸರ್ ಎಂದಿನಂತೆ ಎರಡೂ ಅಂಗೈಯಲ್ಲಿ ಹಿಡಿದು ಬಾಗಿದರು.

"ಈಸ್ರಿ. ಗಾಬರಿ ಆಗಬ್ಯಾಡ್ರಿ."

ಕಲ್ಲಿನ ಮಾತು ಈ ಸಲ ಆಡಲಿಲ್ಲ.

ಇಲಿ ಒಂದು ಸಲ ತಿರುಗಿ ಕೋಣೆ ನೋಡಿತು. ನೆಟ್ಟಗೆ ಬಾಗಿಲ ಕಡೆ ಈಸಿತು. ನಾನು ಏಳು ಎಣಿಸುವುದರೊಳಗೆ ಕಲ್ಲು ಹತ್ತಿ ಮೀಸೆ ಒರೆಸಿಕೊಂಡಿತು. ಗುಂಡಿ ಒತ್ತಿದೆ. ಎರಡನೆಯದೂ ಹಾಗೆಯೇ. ಮೂರನೆಯದು ನಡುವೆ ತಬ್ಬಿಬ್ಬಾಗಿ ಕಿಟಕಿಯ ಕಡೆ ಹೊರಟಾಗ ನನಗೆ ಜೀವ ಬಂದಂತಾಯಿತು. ಅರ್ಧ ದಾರಿಗೆ ಹೊರಳಿ ಅದೂ ಬಾಗಿಲ ಕಡೆಗೇ ಬಂತು. ನಾಲ್ಕನೆಯದು ನೆಟ್ಟಗೆ. ಐದನೆಯದಕ್ಕೆ ನಿಮಿಷ ತುಂಬಿದರೂ ಕಲ್ಲು ಸಿಗಲಿಲ್ಲ. ಆರನೆಯದು ಎಲ್ಲಕ್ಕಿಂತ ಬೇಗ.

ಸರ್ ಆರನೆಯ ಇಲಿಯನ್ನು ಒರೆಸುತ್ತ, "ಶಾಣ್ಯಾರ ಅದೀರಿ" ಎಂದರು. ಹೊಸ್ತಿಲ ಮೇಲೆ ಕುಳಿತು ನನ್ನನ್ನು ಕೇಳಿದರು:

"ನಿನಗ ಯಾವಾಗ ಗೊತ್ತಾತು?"

"ಬುಧವಾರ್ರಿ."

"ಐದು ದಿನ." ಬೆರಳು ಮಡಚಿ ಎಣಿಸಿದರು. "ಐದು ದಿನ ನಾ ಊರ ತುಂಬ ನಕ್ಕೋತ ತಿರಗೀನಿ. ನೀ ನೋಡಕೋತ ಇದ್ದಿ. ಹೋಳಿಗಿ ತಿಂದಿ."

"ತಿಂದಿಲ್ರಿ."

"ಹೋಗು. ನನ್ನ ಮುಂದ ನಿಂದರಬ್ಯಾಡ."

ಅವರನ್ನು ದೇವರು ಮಾಡಲು ನಾನು ಇದನ್ನು ಬರೆಯುತ್ತಿಲ್ಲ. ಹನ್ನೆರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಬೇಕಾದ್ದನ್ನು ಚೀಟಿಯಲ್ಲಿ ಬರೆದು ಮೇಜಿನ ಮೇಲಿಡುತ್ತಿದ್ದರು. ಪಾಠವೂ ನಿಂತಿತು. ಕೆಲಸದಿಂದ ತೆಗೆಯುತ್ತಾರೆ ಎಂದು ದಿನಾ ಮುಂಜಾನೆ ಚೀಟಿಯ ಕೊನೆಯ ಸಾಲನ್ನೇ ಮೊದಲು ಓದುತ್ತಿದ್ದೆ.

ಹದಿಮೂರನೆಯ ದಿನ ಮೇಜಿನ ಮೇಲೆ ಚೀಟಿಯ ಬದಲು ಹದಿನೆಂಟು ಹಾಳೆಗಳ ಹೊಸ ಅಧ್ಯಾಯ ಇತ್ತು, ಟೈಪಿಗೆ. ಅದನ್ನು ಹಿಡಿದು ಕೋರ್ಟಿನ ಮುಂದೆ ಹೋದೆ. ಟೈಪಿಸ್ಟ್ ಮೊದಲ ಹಾಳೆ ಓದಿ ಕಾರ್ಬನ್ ಕೆಳಗಿಟ್ಟ.

"ಏನ್ರಿ ಬಾಯಾರ, ಮೊನ್ನೆ ಇಲಿ ಮರತಿದ್ವು. ಇವತ್ತ ನೆನಪಾಗೈತಿ. ವಕೀಲರ ಸಾಕ್ಷಿದಾರರಿಗಿಂತ ಕಡೆ ಆದ್ವಲ್ಲ ಇವು."

"ಸುಮ್ನ ಬಡೀರಿ."

ಅವನು ಬಡಿಯುತ್ತ ಹೋದ. ಕೊನೆಯ ಹಾಳೆಯಲ್ಲಿ ಕೈ ನಿಲ್ಲಿಸಿ ನನ್ನ ಮುಖ ನೋಡಿದ. "ಇದು ನಿಮ್ಮ ಹೆಸರಲ್ಲೇನ್ರಿ?"

ಇಂಗ್ಲಿಷಿನಲ್ಲಿ ಎರಡು ಸಲ ನಪಾಸಾದ ನಾನು ಬೆರಳಿಟ್ಟು ಅಕ್ಷರ ಕೂಡಿಸಿ ಓದಿದೆ. ಸರ್ ಬರೆದದ್ದು ಇಷ್ಟು: ತೊಟ್ಟಿ ತಿರುಗಿತ್ತು. ಸಂಶೋಧಕ ಅದನ್ನು ಗಮನಿಸಲಿಲ್ಲ. ಗಮನಿಸಿದವರು, ಎಂದು ಮುಂದೆ ನನ್ನ ಹೆಸರು, ನನ್ನ ಅಪ್ಪನ ಹೆಸರು, ಅಡ್ಡಹೆಸರು. ಯಾರು ತಿರುಗಿಸಿದರು ಎಂಬ ಮಾತು ಹದಿನೆಂಟು ಹಾಳೆಯಲ್ಲಿ ಎಲ್ಲಿಯೂ ಇರಲಿಲ್ಲ. ಪ್ರಿನ್ಸಿಪಾಲರು ಕೇಳಿದಾಗಲೂ ಅವರು "ನನ್ನ ಲ್ಯಾಬು, ನನ್ನ ಕೊಪ್ಪರಿಗಿ" ಎಂದಷ್ಟೇ ಹೇಳಿದರೆಂದು ಆಮೇಲೆ ತಿಳಿಯಿತು.

ಗೈಡ್ ಆ ಅಧ್ಯಾಯಕ್ಕೆ ಸಹಿ ಹಾಕಲಿಲ್ಲ. ಎರಡು ಗುಂಪನ್ನು ಒಟ್ಟಿಗೆ ನಡೆಸದೇ ಇದ್ದದ್ದು ತಪ್ಪು, ಪರೀಕ್ಷೆ ಕೆಟ್ಟಿದೆ, ಮೊದಲಿನಿಂದ ಮಾಡಿ ಎಂದರು. ಅವರು ಹೇಳಿದ್ದೂ ಸರಿಯೇ. ತಿಂಗಳು ಮುಗಿಯಿತು, ನೋಂದಣಿ ಹೋಯಿತು. ಮೊದಲು ಟೈಪಾದ ಅಧ್ಯಾಯ ಮಾತ್ರ ಸರ್ ಚೀಲದಲ್ಲೇ ಇತ್ತು. ಹೊಸದು ಗೈಡ್‌ಗೆ ಹೋಗುವ ಮೊದಲು, ಅದನ್ನೇ ಕಳಿಸ್ರಿ, ಯಾರಿಗೆ ತಿಳಿಯುತ್ತದೆ ಎಂದು ಸ್ಟಾಫ್ ರೂಮಿನಲ್ಲಿ ಹೇಳಿದವರಿದ್ದರು. "ಆರು ಮಂದಿಗೆ ಗೊತ್ತೈತಿ" ಎನ್ನುತ್ತಿದ್ದರು ಸರ್. ನಾನು ಮತ್ತು ಅವರು ಆ ಲೆಕ್ಕದಲ್ಲಿ ಇರಲಿಲ್ಲ. ಇಲಿಗಳೇ ಆರು.

ಮತ್ತೆ ಪಾಠ ಶುರು ಮಾಡಿದ ದಿನ ರೊಟ್ಟಿ ಮುರಿಯುತ್ತ, "ಒಂದು ಬಾಗಲಾ ಬಂದ್ ಮಾಡಿದ್ರ ನೆನಪು ಬ್ಯಾರೆ ಬಾಗಲಾದಾಗ ಹಾದು ಬರತೈತಿ ಅನ್ನಸತೈತಿ. ಇದೂ ಒಂದು ಸುದ್ದಿನ. ಆದ್ರ ಇದಕ್ಕ ಯಾರೂ ಡಾಕ್ಟರ್ ಕೊಡಾಂಗಿಲ್ಲ" ಎಂದರು. ಮುಂದೆ ಎಂದೂ ಆ ವಿಷಯ ಎತ್ತಲಿಲ್ಲ. ಕೊಪ್ಪರಿಗೆ ಕರೋಶಿಗೆ ವಾಪಸ್ಸು ಹೋಯಿತು. ನನ್ನ ಕೆಲಸ ಕಾಯಂ ಆಯಿತು. ಪಿಯುಸಿ ದಾಟಿದೆ, ಕೆಲಸ ಮಾಡುತ್ತಲೇ ಹೊರಗಿನಿಂದ ಬಿ.ಎ. ಕಟ್ಟಿದೆ. ಫಲಿತಾಂಶದ ದಿನ ಸರ್ ಸ್ಟಾಪ್‌ವಾಚು ನಿಲ್ಲಿಸಿ ತೋರಿಸಿ, "ಐದು ವರ್ಷ, ಎರಡು ತಿಂಗಳಾ. ಕಲ್ಲು ಹತ್ತಿದಿ" ಎಂದರು. ಬಿ.ಎಡ್. ಮುಗಿಸಿ ಹಾರೂಗೇರಿಯಲ್ಲಿ ಮಾಸ್ತರಿಕೆ ಹಿಡಿದೆ. ಸರ್ ನಿವೃತ್ತರಾದಾಗ ಆಮಂತ್ರಣ ಪತ್ರಿಕೆಯಲ್ಲಿ ಯಾರೋ ಅಭಿಮಾನದಿಂದ 'ಡಾ.' ಎಂದು ಅಚ್ಚು ಹಾಕಿಸಿದ್ದರು. ನನಗೆ ಬಂದ ಪ್ರತಿಯಲ್ಲಿ ಅದನ್ನು ಕೆಂಪು ಪೆನ್ಸಿಲಿನಿಂದ ಹೊಡೆದುಹಾಕಲಾಗಿತ್ತು. ಊರಲ್ಲಿ ಕೇಳಿದರೆ, ಎಲ್ಲರ ಪ್ರತಿಯಲ್ಲೂ.

ಆ ಪತ್ರಿಕೆ ನನ್ನ ಚೀಲದಲ್ಲಿತ್ತು. ಹೆಡ್ ಕ್ಲಾರ್ಕರ ಮೇಜಿನ ಮೇಲೆ ಬಿಚ್ಚಿಟ್ಟೆ. ಅವರು ಕನ್ನಡಕ ಹಾಕಿಕೊಂಡು ಕೆಂಪು ಗೆರೆ ನೋಡಿದರು. ಡ್ರಾವರಿನಿಂದ ಒರೆಸುವ ಅರಿವೆ ತೆಗೆದು ಕೊಟ್ಟರು. ನನ್ನ ಹಿಂದೆಯೇ ಹಲಗೆಯವರೆಗೂ ಬಂದರು.

ಒರೆಸಿದೆ. ಹೆಸರಿನ ಮುಂದೆ ಅಂಗೈಯಷ್ಟು ಜಾಗ ಸುಣ್ಣದ ಮಸಕಾಗಿ ಉಳಿಯಿತು.

"ಬೋಳ ಕಾಣತೈತ್ರಿ. 'ಶ್ರೀ' ಅಂತರ ಬರೀಲೇನು?" ಎಂದು ಹೆಡ್ ಕ್ಲಾರ್ಕರು ಚಾಕ್‌ಪೀಸು ಎತ್ತಿದರು.

"ಬ್ಯಾಡ್ರಿ. ಇರ್ಲಿ ಬಿಡ್ರಿ."

"ಬಂದವರು ಕೇಳತಾರ್ರಿ ಬಾಯಾರ, ಇಲ್ಲೇನಿತ್ತು ಅಂತ."

"ಕೇಳ್ಲಿ."

ಸಭೆಗೆ ಜನ ಬರತೊಡಗಿದರು. ಒಬ್ಬೊಬ್ಬರೂ ಹಲಗೆಯ ಮುಂದೆ ನಿಂತರು. ಹೆಸರು ಓದುವ ಮೊದಲು ಎಲ್ಲರ ಕಣ್ಣೂ ಆ ಬರಿದು ಜಾಗಕ್ಕೇ ಹೋಗಿ, ಅಲ್ಲಿ ಒಂದು ಸುತ್ತು ಸುತ್ತಿ ಬರುತ್ತಿತ್ತು. ನಾನು ಗೇಟಿನ ಪಕ್ಕ ನಿಂತು ಎಣಿಸಿದೆ. ಆರು ಜನ ಆದ ಮೇಲೆ ಒಳಗೆ ಹೋದೆ.